ಸೋಲ್ಡರಿಂಗ್ ಐರನ್ ಸ್ಟ್ಯಾಂಡಿಗೆ ಒಂದು ಬುಷ್: ಅಳತೆಯಿಂದ ಪ್ರಿಂಟ್‌ವರೆಗೆ

ಸ್ಟ್ಯಾಂಡ್ ಹಳೆಯದು, ಗಟ್ಟಿಮುಟ್ಟಾಗಿದೆ. ಬೆಸುಗೆ ಹಾಕುವ ಐರನ್ ಮಾತ್ರ ಹೊಸದು, ಯುಎಸ್‌ಬಿ-ಸಿ ಹಾಕುವ ಪೆನ್ ಥರದ್ದು. ದಪ್ಪ ಹಿಡಿಯ 25 ವ್ಯಾಟ್ ಐರನ್ನಿಗೆ ಮಾಡಿದ ಸ್ಪ್ರಿಂಗಿನೊಳಗೆ ಇದನ್ನು ಇಟ್ಟರೆ ಸುಮ್ನೆ ಜಾರಿ ಒಳಗೆ ಹೋಗುತ್ತದೆ, ಬಿಸಿ ತುದಿ ಸ್ಪ್ರಿಂಗಿಗೆ ತಾಗುತ್ತದೆ, ಕೇಬಲ್ ಸ್ವಲ್ಪ ಎಳೆದರೂ ಐರನ್ ಟೇಬಲ್ ಮೇಲೆ ಬೀಳುತ್ತದೆ. ಇದಕ್ಕೆ ಹೊಸ ಸ್ಟ್ಯಾಂಡ್ ಬೇಡ, 3ಡಿ ಪ್ರಿಂಟರ್‌ನಲ್ಲಿ ಮಾಡಿದ, ಟೋಪಿ ಆಕಾರದ ಒಂದು ಸಣ್ಣ ಬುಷ್ ಸಾಕು, ಅಂದರೆ ಹಿಡಿಗೂ ಸ್ಪ್ರಿಂಗಿಗೂ ನಡುವಿನ ಜಾಗ ತುಂಬುವ, ನಡುವೆ ತೂತಿರುವ ತುಂಡು.

ಮೊದಲು ಬಿಸಿಯ ಲೆಕ್ಕ. ತುದಿ 350 ಡಿಗ್ರಿ ಆಸುಪಾಸು ಇರುತ್ತದೆ. ಪ್ರಿಂಟ್‌ಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಪಿಇಟಿಜಿ 80ರ ಹತ್ತಿರ, ಎಬಿಎಸ್ 100 ದಾಟಿದ ಮೇಲೆ. ಹಾಗಾಗಿ ಬುಷ್ ಮುಟ್ಟಬೇಕಾದ್ದು ಕೈಯಲ್ಲಿ ಹಿಡಿಯುವ ಭಾಗವನ್ನು ಮಾತ್ರ, ಲೋಹದ ಕೊಳವೆಯನ್ನು ಅಲ್ಲವೇ ಅಲ್ಲ. ಇನ್ನೊಂದು ವಿಷಯ, ಸ್ಟ್ಯಾಂಡ್ ಓರೆಯಾಗಿರುತ್ತದೆ ಅಲ್ವಾ, ತುದಿ ಕೆಳಗೆ, ಹಿಡಿ ಮೇಲೆ. ಬಿಸಿ ಗಾಳಿ ನೇರ ಮೇಲೇರಿ ಬುಷ್‌ಗೇ ಬಂದು ಬಡಿಯುತ್ತದೆ. ನನ್ನ ಮೊದಲನೆಯದು ಪಿಎಲ್‌ಎ, ಒಳಗೆ 30 ಮಿ.ಮೀ. ಉದ್ದ ಇತ್ತು, ಅರ್ಧ ಗಂಟೆಯಲ್ಲಿ ಒಂದು ಕಡೆಗೆ ವಾಲಿತು. ಈಗ 12 ಮಿ.ಮೀ. ಮಾತ್ರ ಒಳಗೆ ಬಿಡುತ್ತೇನೆ, ಗಾಳಿ ಹೋಗಲು ಕಾಲರಿನಲ್ಲಿ, ಅಂದರೆ ಟೋಪಿಯ ಅಂಚಿನಂಥ ಭಾಗದಲ್ಲಿ, ಮೂರು ಸೀಳು ಕೊಡುತ್ತೇನೆ, ಪಿಇಟಿಜಿಯಲ್ಲೇ ಪ್ರಿಂಟ್ ಮಾಡುತ್ತೇನೆ.

ಅಳತೆಗೆ ವರ್ನಿಯರ್ ಕ್ಯಾಲಿಪರ್ ಬೇಕು, ಸ್ಕೇಲ್ ಸಾಲದು. ಎರಡು ಅಳತೆ: ಸ್ಪ್ರಿಂಗಿನ ಬಾಯಿಯ ಒಳವ್ಯಾಸ, ಹಿಡಿಯ ಮುಂಭಾಗದ ಹೊರವ್ಯಾಸ. ಎರಡನ್ನೂ ತಿರುಗಿಸಿ ತಿರುಗಿಸಿ ಮೂರು ಸಲ ತೆಗೆಯಿರಿ, ಯಾಕಂದ್ರೆ ಸ್ಪ್ರಿಂಗ್ ಪೂರ್ತಿ ಗುಂಡಗಿರುವುದಿಲ್ಲ, ಹಿಡಿಯೂ ಅಷ್ಟೇ. ನನ್ನದರಲ್ಲಿ ಸ್ಪ್ರಿಂಗ್ 24.3, ಹಿಡಿ 15.8 ಬಂತು. ಹಿಡಿ ಎಲ್ಲಿಂದ ದಪ್ಪವಾಗುತ್ತಾ ಹೋಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ, ಐರನ್ ನಿಲ್ಲುವುದು ಆ ಜಾಗದಲ್ಲೇ.

ಪ್ರಿಂಟ್ ಮಾಡಿದ ತೂತು ಡಿಸೈನ್‌ಗಿಂತ ಚಿಕ್ಕದಾಗಿಯೇ ಬರುತ್ತದೆ. ಅದಕ್ಕೆ ತೂತಿನ ವ್ಯಾಸಕ್ಕೆ 0.4 ಮಿ.ಮೀ. ಸೇರಿಸಿ, ಹೊರವ್ಯಾಸದಿಂದ 0.3 ಕಳೆಯಿರಿ. ಡಿಸೈನ್ ಮಾಡುವುದು ಓಪನ್‌ಸ್ಕ್ಯಾಡ್‌ನಲ್ಲಿ (ಕೋಡ್ ಬರೆದು ಆಕಾರ ಮಾಡುವ ಸಾಫ್ಟ್‌ವೇರ್) ಆದರೆ ಈ ಅಳತೆಗಳಿಗೆಲ್ಲ ಮೇಲೆ ಒಂದೊಂದು ಹೆಸರು ಕೊಟ್ಟಿಡಿ, ಆಮೇಲೆ ಒಂದು ಅಂಕಿ ಬದಲಿಸಿದರೆ ಮುಗೀತು. ಪೂರ್ತಿ ಬುಷ್ ಪ್ರಿಂಟ್ ಮಾಡುವ ಮೊದಲು 4 ಮಿ.ಮೀ. ಎತ್ತರದ ಬರೀ ಒಂದು ಉಂಗುರ ಪ್ರಿಂಟ್ ಮಾಡಿ, ಕೂರುತ್ತದಾ ಅಂತ ಹಾಕಿ ನೋಡಿ. ಸ್ವಲ್ಪ ಹೊತ್ತಿನ ಕೆಲಸ, ಆದರೆ ಪ್ಲಾಸ್ಟಿಕ್ಕೂ ಸಮಯವೂ ತುಂಬಾ ಉಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ್ದು. ಒಂದೇ ಕೈಯಲ್ಲಿ ಐರನ್ ಎತ್ತಿದಾಗ ಬುಷ್ ಅದರ ಜೊತೆ ಕಿತ್ತು ಬರಬಾರದು. ಅಂದರೆ ಅದು ಹಿಡಿಯನ್ನು ಸಡಿಲವಾಗಿ, ಸ್ಪ್ರಿಂಗನ್ನು ಬಿಗಿಯಾಗಿ ಹಿಡಿಯಬೇಕು. ಸ್ಪ್ರಿಂಗಿನ ಸುತ್ತುಗಳೇ ಸ್ಕ್ರೂವಿನ ಸುತ್ತುಗೆರೆಯ ಥರ ಇವೆಯಲ್ಲ, ಅದನ್ನೇ ಬಳಸಿಕೊಳ್ಳಿ: ಬುಷ್‌ನ ಹೊರಮೈ ಮೇಲೆ, ಕಾಲರಿನಿಂದ ಒಂದು ಸುತ್ತಿನಷ್ಟು ಕೆಳಗೆ, ಎದುರುಬದುರಾಗಿ ಎರಡು ಸಣ್ಣ ಗುಬುಟು ಇಡಿ, 1.5 ಮಿ.ಮೀ. ಹೊರಗೆ ಚಾಚಿದರೆ ಸಾಕು. ಸುತ್ತು ಓರೆಯಾಗಿ ಇಳಿಯುವುದರಿಂದ ಎರಡನೇ ಗುಬುಟು ಅರ್ಧ ಸುತ್ತಿನ ಇಳಿತದಷ್ಟು ಕೆಳಗಿರಲಿ. ಒಳಗೆ ಒತ್ತಿ ತಿರುಗಿಸಿದರೆ ಅವು ಎರಡು ಸುತ್ತುಗಳ ನಡುವೆ ಹೋಗಿ ಕೂರುತ್ತವೆ, ಬಲ್ಬ್ ಹಾಕಿದ ಹಾಗೆ.

ತೂತನ್ನು ಮೇಲ್ಗಡೆ ಒಂದು ಮಿ.ಮೀ. ಅಗಲ ಮಾಡಿ ಕೊಳವೆಯಾಕಾರಕ್ಕಿಂತ ಲಾಳಿಕೆಯಾಕಾರ ಕೊಡಿ, ನೋಡದೇ ಇಟ್ಟರೂ ಐರನ್ ತಾನಾಗಿ ಒಳಗೆ ಹೋಗುತ್ತದೆ. ಕಾಲರ್ ಪ್ರಿಂಟರ್‌ನ ಬೆಡ್ (ತಳದ ತಟ್ಟೆ) ಮೇಲೆ ಬರುವಂತೆ ತಲೆಕೆಳಗಾಗಿಟ್ಟು ಪ್ರಿಂಟ್ ಮಾಡಿ, ಗುಬುಟುಗಳನ್ನು 45 ಡಿಗ್ರಿ ಇಳಿಜಾರು ಮಾಡಿದ್ದರೆ ಅವುಗಳ ಕೆಳಗೆ ಆಸರೆಗೆ ಪ್ರಿಂಟ್ ಮಾಡುವ ಸಪೋರ್ಟ್ ಬೇಡ. ಮೊದಲ ಪದರ ಹರಡಿಕೊಂಡು ತೂತಿನ ಅಂಚು ಬಿಗಿಯಾದರೆ ಬ್ಲೇಡಿನಿಂದ ಕೆರೆಯಿರಿ.

ಹಾಕಿದ ಮೇಲೆ ಐರನ್ ಆನ್ ಮಾಡಿ ಅರ್ಧ ಗಂಟೆ ಎದುರಿಗೇ ಕೂತು ನೋಡಿ. ಸುಮ್ನೆ ಇಟ್ಟಾಗ ಸ್ಲೀಪ್ ಮೋಡ್ ಬಂದು ತಾನಾಗಿ ತಣ್ಣಗಾಗದಂತೆ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಆಫ್ ಮಾಡಿರಿ. ಆಮೇಲೆ ಐರನ್ ತೆಗೆದು ಬುಷ್‌ನ ಕೆಳ ಅಂಚನ್ನು ಚಿಮಟದಿಂದ ಒತ್ತಿ. ಗುರುತು ಬಿದ್ದರೆ ಒಳಗೆ ಹೋಗುವ ಉದ್ದವನ್ನು ಇನ್ನೂ 4 ಮಿ.ಮೀ. ಚಿಕ್ಕದು ಮಾಡಿ ಮತ್ತೆ ಪ್ರಿಂಟ್ ಹಾಕಿ. ಪರೀಕ್ಷೆ ಮುಗಿದ ಕೂಡಲೇ ಸ್ಲೀಪ್ ವಾಪಸ್ ಆನ್ ಮಾಡುವುದನ್ನು ಮರೀಬೇಡಿ.