ಎಂಜಿನಿಯರ್ ಸಂಘದ ಸದಸ್ಯರೇ? ಸಮ್ಮೇಳನಕ್ಕೆ ಹೀಗೆ ಹೋಗಿ ಬನ್ನಿ

ಗದಗ, ಬಾಗಲಕೋಟೆ, ವಿಜಯಪುರದ ಎರೆನೆಲದಲ್ಲಿ ಕೆಲಸ ಮಾಡುವ ಸಿವಿಲ್ ಎಂಜಿನಿಯರ್‌ಗಳಿಗೆ ಈ ಪಾಡು ಹೊಸದಲ್ಲ. ಬೇಸಿಗೆಯಲ್ಲಿ ನೆಲ ಬಾಯಿಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹೊಸ ಡಾಂಬರು ರಸ್ತೆಯ ಅಂಚಿಗುಂಟ ಉದ್ದುದ್ದ ಬಿರುಕು ಮೂಡುತ್ತದೆ, ಶಾಲೆಯ ಕಾಂಪೌಂಡ್ ಗೋಡೆ ವಾಲುತ್ತದೆ, ಕಾಲುವೆಯ ಕಾಂಕ್ರೀಟ್ ಹಾಸು ಮೇಲೇಳುತ್ತದೆ. ಗುತ್ತಿಗೆದಾರ ದುಡ್ಡು ತಿಂದ ಎಂದು ಊರವರು ಬೈಯುತ್ತಾರೆ. ಕೆಲಸ ನೆಟ್ಟಗಿದ್ದಾಗಲೂ ಹೀಗಾಗಬಹುದು ಎಂಬುದು ಎಂಜಿನಿಯರ್‌ಗೆ ಗೊತ್ತು. ಮುಂದೇನು ಮಾಡಬೇಕು ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇದೇ ಕಪ್ಪುಮಣ್ಣು ಮರಾಠವಾಡ, ವಿದರ್ಭ, ಮಾಳವ, ಗುಜರಾತಿನವರೆಗೂ ಹಬ್ಬಿದೆ. ನಿಮ್ಮ ತೊಂದರೆಯನ್ನೇ ಎದುರಿಸಿ, ಏನೋ ಒಂದು ಪ್ರಯೋಗ ಮಾಡಿ ನೋಡಿದವರು ಅಲ್ಲೆಲ್ಲೋ ಇದ್ದಾರೆ. ಅವರನ್ನೂ ನಿಮ್ಮನ್ನೂ ಒಂದೇ ಸೂರಿನಡಿ ಸೇರಿಸುವುದೇ ಎಂಜಿನಿಯರ್ ಸಂಘದ ವಾರ್ಷಿಕ ಸಮ್ಮೇಳನ. ಸದಸ್ಯತ್ವದ ಹಣ ಕಟ್ಟಿ, ಹೆಸರಿನ ಮುಂದೆ ನಾಲ್ಕು ಅಕ್ಷರ ಸೇರಿಸಿಕೊಂಡು ಸುಮ್ಮನಾದವರು ಬಹಳ ಮಂದಿ. ಅವರಿಗೆ ಸಂಘದಿಂದ ಸಿಗುವುದು ಅಂಚೆಯಲ್ಲಿ ಬರುವ ಜರ್ನಲ್ ಅಷ್ಟೇ.

1. ನಿಮ್ಮ ಕೆಲಸದ ತೊಡಕಿಗೆ ಹೊಂದುವ ಸಂಘ ಹುಡುಕಿ

ದೊಡ್ಡ ಹೆಸರು ನೋಡಿ ಆರಿಸಬೇಡಿ. 1920ರಲ್ಲಿ ಸ್ಥಾಪನೆಯಾದ, ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ) ಎಲ್ಲ ಶಾಖೆಯವರಿಗೂ ಸೇರಿದ್ದು. ಅದರ ರಾಜ್ಯ ಕೇಂದ್ರ ಬೆಂಗಳೂರಿನಲ್ಲಿದೆ. ರಸ್ತೆ ಕೆಲಸದವರಿಗೆ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದೆ. ವಿದ್ಯುತ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್‌ನವರಿಗೆ ಐಇಇಇ ಇದೆ. ಮಣ್ಣು ಮತ್ತು ಅಡಿಪಾಯದ ಕೆಲಸ ನಿಮ್ಮದಾದರೆ 1948ರಿಂದ ನಡೆದುಬಂದಿರುವ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿ ಹತ್ತಿರದ್ದು. ಈ ಸೊಸೈಟಿಯ ಸಮ್ಮೇಳನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಪ್ರತಿವರ್ಷ ಬೇರೆ ಬೇರೆ ಊರಿನಲ್ಲಿ ನಡೆಯುತ್ತದೆ.

ಇದರ ಚರಿತ್ರೆಯ ಒಂದು ಘಟನೆಯನ್ನು ಎರೆಸೀಮೆಯ ಪ್ರತಿ ಎಂಜಿನಿಯರೂ ತಿಳಿದಿರಬೇಕು. 1970ರ ದಶಕದ ಕೊನೆಯಲ್ಲಿ ಸೊಸೈಟಿ ತನ್ನ ವಾರ್ಷಿಕ ಉಪನ್ಯಾಸಮಾಲೆ ಶುರುಮಾಡಿದಾಗ ಮೊದಲ ಉಪನ್ಯಾಸ ಕೊಟ್ಟವರು ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ. ವಿಷಯ ಕಪ್ಪುಮಣ್ಣಿನ ತೊಂದರೆಗಳಿಗೆ ಪರಿಹಾರ. ಮೇಲಿನ ಸುಮಾರು ಒಂದು ಮೀಟರ್ ಕೆಳಗೆ ಈ ಮಣ್ಣು ಅಷ್ಟಾಗಿ ಉಬ್ಬುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಅಂಟುಗುಣವಿದ್ದೂ ಉಬ್ಬದಂಥ ಮಣ್ಣಿನ ಪದರವನ್ನು ಮೇಲೆ ಹಾಸಿದರೆ ಅಡಿಯ ಎರೆಮಣ್ಣಿನ ಉಬ್ಬರ ತಗ್ಗುತ್ತದೆ ಎಂಬುದು ಅವರ ವಿಚಾರ. ಎಂಜಿನಿಯರ್‌ಗಳು ಇದನ್ನೇ ಸಿಎನ್‌ಎಸ್ (ಕೊಹೆಸಿವ್ ನಾನ್-ಸ್ವೆಲ್ಲಿಂಗ್) ಪದರ ಎನ್ನುತ್ತಾರೆ. ಉಬ್ಬುಮಣ್ಣಿನಲ್ಲಿ ಕಾಲುವೆಗೆ ಹಾಸು ಹಾಕುವ ಭಾರತೀಯ ಮಾನಕ (ಐಎಸ್) 9451ರ ಮಾರ್ಗಸೂಚಿಯಲ್ಲಿ ಈ ಪದರ ಸೇರಿತು. ನಮ್ಮ ಮಲಪ್ರಭಾ ಕಾಲುವೆಗಳಲ್ಲೂ ಬಳಕೆಯಾಯಿತು. ಅಂಥ ಮಾತನ್ನು ಮುಂದಿನ ಸಾಲಿನಲ್ಲಿ ಕುಳಿತು ಕೇಳಿ, ಚಹಾದ ಹೊತ್ತಿಗೆ ಪ್ರೊಫೆಸರರನ್ನು ನಿಲ್ಲಿಸಿ ‘ಸರ್, ನಮ್ಮೂರ ಮಣ್ಣಿಗೆ ಹೇಗೆ?’ ಎಂದು ಕೇಳುವ ಅವಕಾಶವಿದೆಯಲ್ಲ, ಸದಸ್ಯತ್ವದ ಹಣಕ್ಕೆ ನಿಜವಾದ ಪ್ರತಿಫಲ ಅದು.

2. ಖರ್ಚಿನ ಲೆಕ್ಕ ಮೊದಲೇ ಹಾಕಿ

ಬಹುತೇಕ ಸಮ್ಮೇಳನಗಳಲ್ಲಿ ಸದಸ್ಯರಿಗೆ ನೋಂದಣಿ ಶುಲ್ಕ ಕಡಿಮೆ, ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆ, ಬೇಗ ಕಟ್ಟಿದರೆ ಮತ್ತಷ್ಟು ಉಳಿತಾಯ. ನಿಮ್ಮ ವಾರ್ಷಿಕ ಸದಸ್ಯತ್ವದ ಹಣ ಎಷ್ಟು, ಶುಲ್ಕದಲ್ಲಿ ಸಿಗುವ ರಿಯಾಯಿತಿ ಎಷ್ಟು, ಎರಡನ್ನೂ ಅಕ್ಕಪಕ್ಕ ಬರೆದು ನೋಡಿ.

ನೌಕರಿಯಲ್ಲಿದ್ದರೆ ಮೇಲಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ‘ಜ್ಞಾನವೃದ್ಧಿಗಾಗಿ’ ಎಂದು ಬರೆದರೆ ಕಡತ ಮೂಲೆ ಸೇರುತ್ತದೆ. ಈಗ ಕೈಯಲ್ಲಿರುವ ಕಾಮಗಾರಿ ಯಾವುದು, ಅದರ ತೊಂದರೆ ಏನು, ಕಾರ್ಯಕ್ರಮ ಪಟ್ಟಿಯ ಯಾವ ಗೋಷ್ಠಿಗಳು ಅದಕ್ಕೆ ಸಂಬಂಧಪಟ್ಟಿವೆ, ಬಂದ ಮೇಲೆ ಕಚೇರಿಗೆ ಏನು ಕೊಡುತ್ತೀರಿ ಎಂಬ ನಾಲ್ಕು ಅಂಶ ಸಾಕು. ಪ್ರಬಂಧ ಸ್ವೀಕಾರವಾದ ಪತ್ರ ಜೊತೆಗಿದ್ದರೆ ಮಂಜೂರಾತಿ ಸುಲಭ.

3. ನಿಮ್ಮದೇ ಸೈಟಿನ ಬಗ್ಗೆ ಬರೆಯಿರಿ

ಪ್ರಬಂಧ ಬರೆಯುವುದು ಕಾಲೇಜಿನವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದರಿಂದ ಆಗಿರುವ ನಷ್ಟ ದೊಡ್ಡದು. ಪ್ರಯೋಗಾಲಯದ ಪ್ರಬಂಧಗಳು ಬೇಕಾದಷ್ಟು ಬರುತ್ತವೆ. ಐದು ಮಳೆಗಾಲ ಕಂಡ ರಸ್ತೆಯ ಕಥೆ ಹೇಳುವವರು ಸಿಗುವುದಿಲ್ಲ. ಆ ಕಥೆ ಇರುವುದು ನಿಮ್ಮ ಅಳತೆ ಪುಸ್ತಕದಲ್ಲಿ.

ಎರೆಮಣ್ಣಿನ ರಸ್ತೆಯನ್ನೇ ತೆಗೆದುಕೊಳ್ಳಿ. ಒಂದು ಕಿಲೋಮೀಟರ್ ಭಾಗ ಆರಿಸಿ. ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಮಣ್ಣಿನ ತೇವಾಂಶ ಅಳೆಯಿರಿ. ಬಿರುಕು ಎಲ್ಲಿ ಬಿತ್ತು, ಎಷ್ಟು ಆಳ, ಪಕ್ಕದ ಚರಂಡಿಯಲ್ಲಿ ನೀರು ನಿಂತಿತ್ತೇ, ಅಂಚಿನಲ್ಲಿ ಮರವಿತ್ತೇ ಎಂದು ಗುರುತಿಸಿ. ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ಫ್ರೀ ಸ್ವೆಲ್ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ: 425 ಮೈಕ್ರಾನ್ ಜರಡಿ ಹಾಯ್ದ ಒಣ ಮಣ್ಣು 10 ಗ್ರಾಂನಂತೆ ಎರಡು 100 ಮಿಲಿ ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ; ಎರಡರ ವ್ಯತ್ಯಾಸದಲ್ಲಿ ಉತ್ತರವಿದೆ. ವಿಧಾನ ಐಎಸ್ 2720ರ 40ನೇ ಭಾಗದಲ್ಲಿದೆ.

ಡಿಸೆಂಬರ್ ಸಮ್ಮೇಳನಕ್ಕೆ ಸಾರಾಂಶ ಕೇಳುವುದು ಎಷ್ಟೋ ತಿಂಗಳು ಮೊದಲು. ಹಾಗಾಗಿ ಯುಗಾದಿಯ ಹೊತ್ತಿಗೇ ವಿಷಯ ಗಟ್ಟಿಮಾಡಿಕೊಳ್ಳಿ. ಒಬ್ಬರೇ ಬರೆಯಲು ಹಿಂಜರಿಕೆಯಾದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರನ್ನು ಜೊತೆಗೆ ಕರೆದುಕೊಳ್ಳಿ. ಅವರಿಗೆ ಸೈಟ್ ಬೇಕು, ನಿಮಗೆ ಬರವಣಿಗೆಯ ಪಳಗಿದ ಕೈ ಬೇಕು. ಕಚೇರಿಯ ಅಂಕಿಅಂಶ ಬಳಸಲು ಲಿಖಿತ ಒಪ್ಪಿಗೆ ಪಡೆಯಿರಿ. ಕೆಟ್ಟುಹೋದ ಕೆಲಸದ ಬಗ್ಗೆ ಬರೆಯಲು ಅಂಜಬೇಡಿ. ಕೇಳುವವರು ಕಿವಿ ನಿಮಿರಿಸುವುದು ಅಲ್ಲಿಯೇ.

ಒಂದು ಎಚ್ಚರಿಕೆ. ದುಡ್ಡು ಕಟ್ಟಿಸಿಕೊಂಡು ಯಾವ ಪ್ರಬಂಧವನ್ನಾದರೂ ಒಪ್ಪಿಕೊಳ್ಳುವ ‘ಅಂತರರಾಷ್ಟ್ರೀಯ ಸಮ್ಮೇಳನ’ಗಳ ಆಹ್ವಾನ ದಿನವೂ ಇಮೇಲ್‌ಗೆ ಬರುತ್ತದೆ. ಎರಡೇ ದಿನದಲ್ಲಿ ಸ್ವೀಕಾರ ಪತ್ರ ಬಂದರೆ, ಒಂದೇ ವೇದಿಕೆಯಲ್ಲಿ ಸೇತುವೆಯಿಂದ ಹಿಡಿದು ಮ್ಯಾನೇಜ್‌ಮೆಂಟ್‌ವರೆಗೆ ಎಲ್ಲ ವಿಷಯವೂ ಇದ್ದರೆ ದೂರವಿರಿ. ಸಂಘದ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದಾರೆಂದು ನಂಬದೆ ಆ ಸಂಘದ ಅಧಿಕೃತ ಪಟ್ಟಿಯಲ್ಲೇ ಹುಡುಕಿ ಖಚಿತಪಡಿಸಿಕೊಳ್ಳಿ. ಪ್ರಬಂಧ ಕಳಿಸಿ, ತಾವು ಹೋಗದೆ ಇರುವುದೂ ಸಲ್ಲದು. ಮಂಡಿಸದ ಪ್ರಬಂಧವನ್ನು ತನ್ನ ಡಿಜಿಟಲ್ ಗ್ರಂಥಾಲಯದಿಂದ ಕೈಬಿಡುವ ಹಕ್ಕನ್ನು ಐಇಇಇ ಇಟ್ಟುಕೊಂಡಿದೆ.

4. ಸಮ್ಮೇಳನದ ದಿನಗಳಲ್ಲಿ

ಉದ್ಘಾಟನೆಯ ಭಾಷಣಗಳು ಉದ್ದವಾಗುತ್ತವೆ. ಆ ಹೊತ್ತಿನಲ್ಲಿ ಕಾರ್ಯಕ್ರಮ ಪಟ್ಟಿ ತೆಗೆದು ನಿಮಗೆ ಬೇಕಾದ ಆರೇಳು ಪ್ರಬಂಧಗಳಿಗೆ ಗುರುತು ಹಾಕಿ. ಪ್ರತಿ ಗೋಷ್ಠಿಯಲ್ಲೂ ಒಂದಾದರೂ ಪ್ರಶ್ನೆ ಕೇಳಿ. ಇಂಗ್ಲಿಷ್ ತಡವರಿಸುತ್ತದೆಂದು ಬಾಯಿಮುಚ್ಚಿ ಕೂರುವ ಒಳ್ಳೆಯ ಎಂಜಿನಿಯರ್‌ಗಳನ್ನು ನೋಡಿದಾಗ ಸಂಕಟವಾಗುತ್ತದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಓದಿದರೂ ಆಯಿತು. ‘ನಾನು ನರಗುಂದದ ಕಡೆ ರಸ್ತೆ ಮಾಡಿಸುತ್ತೇನೆ, ಸುಣ್ಣ ಬೆರೆಸಿದ ನಿಮ್ಮ ಪದರ ಎರಡನೇ ಮಳೆಗಾಲ ಹೇಗೆ ಕಳೆಯಿತು?’ ಎಂದು ಕೇಳಿದವರ ಸುತ್ತ ಊಟದ ಹೊತ್ತಿಗೆ ಜನ ಸೇರುತ್ತಾರೆ.

ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಕೊಡುವ ಚೀಲ, ಪೆನ್ನು ಬಿಡಿ. ಜಿಯೋಟೆಕ್ಸ್‌ಟೈಲ್ (ಮಣ್ಣಿನಲ್ಲಿ ಹಾಸುವ ಬಟ್ಟೆ) ಮಾರುವವರಿದ್ದರೆ ನಿಮ್ಮದೇ ಬಗೆಯ ಮಣ್ಣಿನಲ್ಲಿ ಎಲ್ಲಿ ಹಾಕಿದ್ದಾರೆ, ಆ ಕಾಮಗಾರಿ ಹೋಗಿ ನೋಡಬಹುದೇ ಎಂದು ಕೇಳಿ.

5. ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ

ಅನೇಕರು ಅಷ್ಟರಲ್ಲಿ ಊರು ನೋಡಲು ಹೊರಟಿರುತ್ತಾರೆ. ಸಮ್ಮೇಳನದ ಸಂದರ್ಭದಲ್ಲಿ ಇಂಥ ಸಭೆ ಇದ್ದರೆ ಸಂಘದ ದಾರಿ ನಿರ್ಧಾರವಾಗುವುದು ಅಲ್ಲಿ. ನಾವು ದಿನವೂ ತಲೆಬಾಗುವ ಕೋಡ್ ಪುಸ್ತಕಗಳು ಆಕಾಶದಿಂದ ಇಳಿದು ಬಂದವಲ್ಲ. ಡಾಂಬರು ರಸ್ತೆಯ ದಪ್ಪ ಹೇಳುವ ಐಆರ್‌ಸಿ 37ನ್ನು ರೋಡ್ಸ್ ಕಾಂಗ್ರೆಸ್‌ನ ತಾಂತ್ರಿಕ ಸಮಿತಿ ರೂಪಿಸುತ್ತದೆ, ಅದು ಮೇಲಿನ ಸಮಿತಿ ದಾಟಿ ಕೌನ್ಸಿಲ್ ಮುಂದೆ ಬರುತ್ತದೆ. ಭಾರತೀಯ ಮಾನಕ ಬ್ಯೂರೋ ಕೂಡ ಕರಡುಗಳನ್ನು ಅಭಿಪ್ರಾಯಕ್ಕೆ ಬಿಡುತ್ತದೆ. ಮಣ್ಣು ಮತ್ತು ಅಡಿಪಾಯದ ವಿಷಯ ಅಲ್ಲಿನ ಸಿಇಡಿ 43 ಸಮಿತಿಯದು. ಜಿಲ್ಲೆಯಲ್ಲಿ ಕೆಲಸ ಮಾಡುವವರ ದನಿ ಅಲ್ಲಿ ಕೇಳದಿದ್ದರೆ, ನಮ್ಮ ನೆಲಕ್ಕೆ ಹೊಂದದ ನಿಯಮವನ್ನು ನಾವೇ ಹೊರಬೇಕಾಗುತ್ತದೆ. ಸಮಿತಿಯ ಸದಸ್ಯರು ಸಮ್ಮೇಳನದಲ್ಲಿ ಓಡಾಡುತ್ತಿರುತ್ತಾರೆ. ಕಂಡು ಮಾತಾಡಿಸಿ, ನಿಮ್ಮ ಅಳತೆಗಳನ್ನು ಕಳಿಸಲು ವಿಳಾಸ ಕೇಳಿ.

ಸದಸ್ಯತ್ವದ ಮೇಲಿನ ಮೆಟ್ಟಿಲಿಗೂ ಈ ಪರಿಚಯ ಬೇಕು. ಐಇಇಇಯಲ್ಲಿ ಸೀನಿಯರ್ ಮೆಂಬರ್ ಆಗಲು ಹತ್ತು ವರ್ಷದ ವೃತ್ತಿ ಅನುಭವದ ಜೊತೆಗೆ ನಿಮ್ಮ ಕೆಲಸ ಬಲ್ಲ ಹಿರಿಯ ಸದಸ್ಯರ ಶಿಫಾರಸು ಕೇಳುತ್ತಾರೆ. ಹೊರದೇಶದಲ್ಲೂ ಮಾನ್ಯವಾಗುವ ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಎಂಜಿನಿಯರ್ ಪಟ್ಟಿಗೆ ಸೇರಲು ಏಳು ವರ್ಷದ ಅನುಭವ ಮಾತ್ರವಲ್ಲ, ನಿರಂತರವಾಗಿ ಕಲಿಯುತ್ತಿರುವುದಕ್ಕೆ ದಾಖಲೆಯೂ ಬೇಕು. ಹಾಜರಾತಿ ಪ್ರಮಾಣಪತ್ರ, ಮಂಡಿಸಿದ ಪ್ರಬಂಧ ಎಲ್ಲವನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.

6. ಊರಿಗೆ ಬಂದ ವಾರದೊಳಗೆ

ಪರಿಚಯವಾದವರಿಗೆ ಎರಡು ಸಾಲು ಬರೆಯಿರಿ, ಎಲ್ಲಿ ಏನು ಮಾತಾಡಿದಿರಿ ಎಂಬ ನೆನಪಿನೊಂದಿಗೆ. ಮೇಲಧಿಕಾರಿಗೆ ಎರಡು ಪುಟದ ವರದಿ ಕೊಡಿ: ನಮ್ಮ ಯಾವ ಕಾಮಗಾರಿಯಲ್ಲಿ ಏನು ಬದಲಿಸಬಹುದು, ಅದಕ್ಕೆ ಎಷ್ಟು ಖರ್ಚು. ಮುಂದಿನ ವರ್ಷದ ಮಂಜೂರಾತಿ ನಿಂತಿರುವುದು ಈ ವರದಿಯ ಮೇಲೆ.

ಆಮೇಲೆ ಹತ್ತಿರದ ಸ್ಥಳೀಯ ಕೇಂದ್ರದಲ್ಲೋ ಸಂಘದ ಶಾಖೆಯಲ್ಲೋ ಒಂದು ಸಂಜೆ ಕೇಳಿ ಪಡೆದು, ಕಂಡದ್ದನ್ನು ಕನ್ನಡದಲ್ಲೇ ಹೇಳಿ. ಕಿರಿಯ ಎಂಜಿನಿಯರ್‌ಗಳನ್ನೂ ಡಿಪ್ಲೊಮಾ ಓದಿದ ಮೇಲ್ವಿಚಾರಕರನ್ನೂ ಕರೆಯಿರಿ. ಮಣ್ಣಿನ ತೇವ ನೋಡಿ ರೋಲರ್ ಓಡಿಸಬೇಕೋ ಬೇಡವೋ ಎಂದು ಹೇಳುವವರು ಅವರೇ. ಅವರಲ್ಲಿ ಒಬ್ಬರು ಮುಂದಿನ ಏಪ್ರಿಲ್‌ನಲ್ಲಿ ನಿಮ್ಮ ಜೊತೆ ಬಿರುಕು ಅಳೆಯಲು ಬಂದರೆ, ಮುಂದಿನ ಪ್ರಬಂಧದಲ್ಲಿ ಅವರ ಹೆಸರನ್ನೂ ಸೇರಿಸಿ.