256ನೇ ಕೀ

ನನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಮೈಕ್ ಬಂದ್ ಮಾಡುವ ಕೀ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಬಾಗಲಕೋಟೆ ನವನಗರದ ರೂಮಿನಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುವಾಗ ಇದರಿಂದ ಒಮ್ಮೆ ಮರ್ಯಾದೆಯೂ ಹೋಗಿತ್ತು. ಲಿನಕ್ಸಿನಲ್ಲಿ ಒತ್ತಿದ ಕೀಯ ಸಂಖ್ಯೆ ತೋರಿಸುವ ಎಕ್ಸ್‌ಎವ್ ಓಡಿಸಿದೆ: ಎ ಒತ್ತಿದರೆ 38 ಅನ್ನುತ್ತದೆ, ಈ ಕೀಗೆ ಸುಮ್ಮನಿರುತ್ತದೆ. ಕರ್ನಲ್ಲಿನಿಂದಲೇ, ಅಂದರೆ ಲಿನಕ್ಸಿನ ತಿರುಳಿನಿಂದಲೇ, ನೇರ ಓದುವ ಇವ್‌ಟೆಸ್ಟ್‌ನಲ್ಲಿ ಮಾತ್ರ 248 ಅಂತ ಸರಿಯಾಗಿ ಬರುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು. ಪರದೆ, ಕೀಬೋರ್ಡ್ ನೋಡಿಕೊಳ್ಳುವ ಪ್ರೋಗ್ರಾಂ ಎಕ್ಸ್ ಸರ್ವರ್. ಕರ್ನಲ್ ಕೊಟ್ಟ ಸಂಖ್ಯೆಗೆ ಅದು 8 ಕೂಡಿಸಿಕೊಳ್ಳುತ್ತದೆ. ಎ ಅಲ್ಲಿ 30, ಇಲ್ಲಿ 38. 1987ರಲ್ಲಿ ಬಂದ, ಆ ಸರ್ವರ್ ಪಾಲಿಸುವ ಎಕ್ಸ್11 ಪ್ರೋಟೋಕಾಲ್ ಕೀ ಸಂಖ್ಯೆಗೆ ಇಟ್ಟಿದ್ದು ಒಂದೇ ಬೈಟ್, 255ಕ್ಕೆ ಮುಗಿಯಿತು. 248ಕ್ಕೆ 8 ಕೂಡಿಸಿದರೆ 256. ಒಂದೇ ಒಂದು ಹೆಚ್ಚು! ಆ ಕೀಯನ್ನು 255ರೊಳಗೇ ಬರುವ ಎಫ್20 ಕೀ ಅಂತ ನಂಬಿಸುವ ಒಂದು ಸಾಲು ಬರೆದೆ, ಕೆಲಸ ಆಯಿತು. ಹುಚ್ಚು ಮಾತ್ರ ಬಿಡಲಿಲ್ಲ.

ರಜೆಯಲ್ಲಿ ಇಂಥ ಕೆಲಸ ಅಂದರೆ ಎಲ್ಲರ ಬಾಯಲ್ಲೂ 2005ರಿಂದ ನಡೆದಿರುವ, ಹೊಸಬರಿಂದ ಓಪನ್ ಸೋರ್ಸ್ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್. ಅದಕ್ಕೆ ತಿಂಗಳು ನಿಗದಿ. ಆದರೆ ನಮ್ಮ ವಿಶ್ವವಿದ್ಯಾಲಯ ವಿಟಿಯುದ ಪರೀಕ್ಷೆ ಯಾವ ತಿಂಗಳು ಬೀಳುತ್ತದೋ ಬೆಳಗಾವಿಗೇ ಗೊತ್ತು. ಎಕ್ಸ್ ಸರ್ವರಿನ ಹಿಂದಿರುವ ಎಕ್ಸ್.ಆರ್ಗ್ ಫೌಂಡೇಶನ್ನಿನದೇ ಅಂಥದ್ದೊಂದು ಎಂಡ್‌ಲೆಸ್ ವೆಕೇಶನ್ ಆಫ್ ಕೋಡ್ ಇದೆ. ಮೂರು ನಾಲ್ಕು ತಿಂಗಳ ಕೆಲಸ, ವರ್ಷದ ಯಾವಾಗ ಬೇಕಾದರೂ ಶುರು ಮಾಡಬಹುದು. ಅರ್ಜಿಗಿಂತ ಮೊದಲು ಒಂದೆರಡು ಪ್ಯಾಚ್, ಅಂದರೆ ಕೋಡಿಗೆ ತಿದ್ದುಪಡಿ, ಮಾಡಿ ತೋರಿಸಬೇಕು. ನನ್ನ ಮೊದಲ ಪ್ಯಾಚ್ ಕೋಡಿನ ನಡುವೆ ಬರೆದ ವಿವರಣೆಯ ಒಂದು ತಪ್ಪು ತಿದ್ದಿದ್ದು, ನಾಚಿಕೆಯೇನಿಲ್ಲ.

ಅರ್ಜಿಯಲ್ಲಿ ಇನ್‌ಪುಟ್ ಭಾಗವನ್ನೆಲ್ಲ ಹೊಸದಾಗಿ ಬರೆಯುತ್ತೇನೆ ಅಂತ ಬಡಾಯಿ ಕೊಚ್ಚಿದ್ದೆ. ಮೊದಲ ವಾರ ಏನು ಮುಗಿಸುತ್ತೀ ಎಂದು ಮೆಂಟರ್ ಕೇಳಿದರು. ಉತ್ತರ ಹೊಳೆಯಲಿಲ್ಲ. ಕೀಬೋರ್ಡ್ ಇನ್‌ಪುಟ್‌ಗೆ ಪರೀಕ್ಷಾ ಕೋಡ್ ಬರೆಯುವುದಷ್ಟೇ ಎಂದು ಇಳಿಸಿಕೊಂಡೆ.

ಪೆಟ್ಟು ತಿಂದದ್ದು ಎರಡನೇ ವಾರ. ಓಡುತ್ತಿದ್ದ ಎಕ್ಸ್ ಸರ್ವರಿಗೇ ಜಿಡಿಬಿ, ಅಂದರೆ ಪ್ರೋಗ್ರಾಂ ನಿಲ್ಲಿಸಿ ದೋಷ ಹುಡುಕುವ ಸಾಧನ, ಹಚ್ಚಿಬಿಟ್ಟೆ, ಅದೂ ಅದೇ ಪರದೆಯ ಟರ್ಮಿನಲ್ಲಿನಿಂದ. ಪರದೆ ಕಲ್ಲಾಯಿತು. ಸರ್ವರ್ ನಿಂತಿದೆ, ಅದನ್ನು ಮುಂದೆ ಬಿಡು ಎಂದು ಟೈಪ್ ಮಾಡಬೇಕಾದ ಟರ್ಮಿನಲ್ಲಿಗೆ ಅಕ್ಷರ ಮುಟ್ಟಿಸಬೇಕಾದದ್ದೂ ಆ ಸರ್ವರೇ. ಬೇರೆ ಪರದೆಗೆ ದಾಟಿಸುವ ಕಂಟ್ರೋಲ್ ಆಲ್ಟ್ ಎಫ್2 ಕೂಡ ಕೇಳಲಿಲ್ಲ, ಆ ಬದಲಾವಣೆಗೂ ಅದರ ಒಪ್ಪಿಗೆ ಬೇಕು.

"ಏನಲೇ, ಹ್ಯಾಂಗ್ ಆತೇನು?" ಅಂದ ರೂಮ್‌ಮೇಟ್.

"ಇಲ್ಲೋ ಮಾರಾಯಾ, ನಾನs ನಿಲ್ಲಿಸೀನಿ."

ಪವರ್ ಬಟನ್ ಒತ್ತಿ ಹಿಡಿದೆ. ಸೇವ್ ಮಾಡದ ಅರ್ಧ ದಿನದ ಕೆಲಸ ಹೋಯಿತು.

ಆಮೇಲೆ ಹೆಚ್ಚಿನದನ್ನು ಝೆಫಿರ್‌ನಲ್ಲಿ ನೋಡುತ್ತಿದ್ದೆ. ಅದು ಕಿಟಕಿಯೊಳಗೆ ಓಡುವ ಇನ್ನೊಂದು ಎಕ್ಸ್ ಸರ್ವರ್, ಸತ್ತರೂ ಹೊರಗಿನದಕ್ಕೆ ಧಕ್ಕೆಯಿಲ್ಲ. ಆದರೆ ಅದಕ್ಕೆ ಕೀ ಬರುವುದು ಹೊರಗಿನ ಸರ್ವರಿನ ಮೂಲಕ, ಹಾಗಾಗಿ ನಿಜವಾದ ಕೀಬೋರ್ಡಿನ ದೋಷ ಅಲ್ಲಿ ಕಾಣುವುದಿಲ್ಲ. ಅದಕ್ಕೆ ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡು, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಲ್ಯಾಪ್‌ಟಾಪಿಗೆ ಹೊಕ್ಕು, ಅಲ್ಲಿಂದ ಜಿಡಿಬಿ ನಡೆಸಿದೆ. ಮೇ ತಿಂಗಳ ಬಿಸಿಲಿಗೆ ಮೊಬೈಲ್ ಕಾದ ಹಂಚಾಗುತ್ತಿತ್ತು. ಒದ್ದೆ ಟವೆಲ್ ಮೇಲೆ ಇಡುತ್ತಿದ್ದೆ.

ಹನ್ನೊಂದು ಪರೀಕ್ಷಾ ಕೋಡ್ ಬರೆದೆ, ಅವುಗಳಲ್ಲಿ ಏಳು ಮುಖ್ಯ ಕೋಡಿಗೆ ಸೇರಿದವು. ಮೂರನ್ನು ನಾನೇ ಹಿಂದೆ ತೆಗೆದುಕೊಂಡೆ. ಉಳಿದ ಒಂದು ನನ್ನ ಲ್ಯಾಪ್‌ಟಾಪಿನಲ್ಲಿ ಪಾಸ್, ಮೆಂಟರ್ ಮಷಿನ್ನಿನಲ್ಲಿ ಫೇಲ್. ಮೊನ್ನೆ ರಾತ್ರಿಯೂ ಅದನ್ನೇ ತೆಗೆದುಕೊಂಡು ಕೂತಿದ್ದೆ.