ಗೊತ್ತಿರುವ ಸ್ಪ್ಯಾನಿಷ್ಷೇ ಅಡ್ಡ ಬರುತ್ತದೆ

ಸಿದ್ ಎಂಬ ವೀರನ ಕತೆ ಹೇಳುವ ಹಳೆಯ ಸ್ಪ್ಯಾನಿಷ್ ಕಾವ್ಯ ‘ಕಾಂತಾರ್ ದೆ ಮಿಯೊ ಸಿದ್’ಗೆ ಉಳಿದಿರುವುದು ಒಂದೇ ಹಸ್ತಪ್ರತಿ. ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 74 ಚರ್ಮದ ಹಾಳೆ, ಸುಮಾರು 3,730 ಸಾಲು. ಇದನ್ನು ಪಾಠ ಮಾಡುವಾಗ ಅಚ್ಚಾದ ಪಠ್ಯವನ್ನು ನಾನು ಮೊದಲಿಗೆ ಕೊಡುವುದಿಲ್ಲ. ಹಸ್ತಪ್ರತಿಯ ಒಂದು ಪುಟದ ಚಿತ್ರ ಕೊಡುತ್ತೇನೆ, 25 ಸಾಲಿನಷ್ಟು. ಮಸುಕಾದ ಅಕ್ಷರ ಓದಲೆಂದು ಹಿಂದಿನ ವಿದ್ವಾಂಸರು ರಾಸಾಯನಿಕ ಹಚ್ಚಿ ಕೆಲವು ಪುಟ ಕಪ್ಪಾಗಿಸಿದ್ದಾರೆ. ಹೊಸಬರಿಗೆ ಅಂಥವು ಬೇಡ.

ನಕಲು ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕಂಡದ್ದನ್ನು ಕಂಡಂತೆ ಬರೆಯಬೇಕು. ಸ್ವರದ ಮೇಲಿನ ಗೀಟು ಬಿಟ್ಟುಹೋದ ‘ಎನ್’ ಅಥವಾ ‘ಎಮ್’ ಅಕ್ಷರದ ಗುರುತು. ಹೀಗೆ ನಾವು ತುಂಬಿದ ಅಕ್ಷರಗಳೆಲ್ಲ ಕಂಸದೊಳಗೆ. ‘ಯು’ ಮತ್ತು ‘ವಿ’, ‘ಐ’ ಮತ್ತು ‘ಜೆ’ ಅಕ್ಷರಗಳನ್ನು ಇಂದಿನ ರೂಢಿಗೆ ತರುವುದು ಎರಡನೇ ಸುತ್ತಿನ ಕೆಲಸ. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಲಿಪಿಕಾರನದೋ ನಮ್ಮದೋ ತಿಳಿಯುವುದಿಲ್ಲ.

ಅರ್ಥ ಹೇಳುವಾಗ ಎಡವುವವರು ಸ್ಪ್ಯಾನಿಷ್ ಚೆನ್ನಾಗಿ ಬಲ್ಲವರೇ. ಮೊದಲ ಹಾಳೆ ಕಳೆದುಹೋಗಿರುವುದರಿಂದ ಕಾವ್ಯ ತೆರೆಯುವುದೇ ಸಿದ್‌ನ ಕಣ್ಣೀರಿನಿಂದ. ಅವನು ತಲೆ ತಿರುಗಿಸಿ ಬಿಟ್ಟುಹೋಗುವ ಮನೆಯತ್ತ ‘ಕತಾಂದೊ’ ಇದ್ದ ಎನ್ನುತ್ತದೆ ಎರಡನೇ ಸಾಲು. ಅದರ ಮೂಲರೂಪ ‘ಕತಾರ್’ ಎಂದರೆ ಇಂದು ರುಚಿ ನೋಡುವುದು. ಅಲ್ಲಿ ಬರೀ ನೋಡುವುದು. ‘ಕಾಸ್ತಿಗಾರ್’ ಇಂದು ಶಿಕ್ಷಿಸು, ಆಗ ಬುದ್ಧಿ ಹೇಳು ಎಂತಲೂ ಆಗುತ್ತಿತ್ತು. ಇಂಥ ಪದಗಳ ಪಟ್ಟಿಯನ್ನು ಮೊದಲೇ ಹಂಚಬಾರದು. ತಪ್ಪು ಅರ್ಥ ಸಾಲಿಗೆ ಕೂರದೆ ಒದ್ದಾಡಿದ ಮೇಲೆ ಕೊಟ್ಟರೆ ನೆನಪಲ್ಲಿ ನಿಲ್ಲುತ್ತದೆ.

ಧ್ವನಿ ಬದಲಾವಣೆ ಕನ್ನಡಿಗರಿಗೆ ಬೇಗ ಹತ್ತುತ್ತದೆ. ‘ಪಾಲ್’ ಹಾಲಾದದ್ದನ್ನು ಬಲ್ಲವರಿಗೆ ‘ಫಾಬ್ಲಾರ್’ (ಮಾತಾಡು) ‘ಹಾಬ್ಲಾರ್’ ಆದದ್ದು ವಿಚಿತ್ರವಲ್ಲ. ಅಲ್ಲಿ ಆ ‘ಹ’ವೂ ಸವೆದು ಈಗ ‘ಆಬ್ಲಾರ್’, ಬರವಣಿಗೆಯಲ್ಲಿ ಮಾತ್ರ ಉಳಿದಿದೆ.

ಕಾಲದ ಲೆಕ್ಕಕ್ಕೆ ಒಂದಿಡೀ ತರಗತಿ ಮೀಸಲು. ಪೇರ್ ಅಬ್ಬಾತ್ ಎಂಬವನು 1245ರ ಮೇ ತಿಂಗಳಲ್ಲಿ ‘ಬರೆದ’ (‘ಎಸ್ಕ್ರಿವಿಯೊ’) ಎಂದಿದೆ ಹಸ್ತಪ್ರತಿಯ ಕೊನೆಯಲ್ಲಿ. ಅದು ಸ್ಪೇನಿನ ಹಳೆಯ ಶಕೆ. 38 ಕಳೆದರೆ ಕ್ರಿ.ಶ. 1207. ಆದರೆ ಪ್ರತಿಯ ಲಿಪಿ 14ನೇ ಶತಮಾನದ್ದು. ರೋಮನ್ ಅಂಕಿಯಲ್ಲಿ ಬರೆದ ಇಸವಿಯ ನಡುವೆ ಖಾಲಿ ಜಾಗವಿದೆ. ಅಲ್ಲಿ ನೂರರ ಗುರುತಾದ ಇನ್ನೊಂದು ‘ಸಿ’ಯನ್ನು ಕೆರೆದು ಅಳಿಸಲಾಗಿದೆ ಎಂದು ಕೆಲವರ ವಾದ, ಹಾಗಿದ್ದರೆ 1307. ಇಲ್ಲವಾದರೆ 1207ರ ಪ್ರತಿಯನ್ನು ಅದರ ಪುಷ್ಪಿಕೆ (ಪ್ರತಿಯ ಕೊನೆಯ ಬರಹ) ಸಮೇತ ಮುಂದಿನ ಲಿಪಿಕಾರ ನಕಲು ಮಾಡಿದ್ದಾನೆ. ಎರಡರಲ್ಲೂ ‘ಎಸ್ಕ್ರಿವಿಯೊ’ ಎಂದರೆ ಪ್ರತಿ ಮಾಡಿದ ಎಂದೇ ಓದಬೇಕು, ಕಾವ್ಯ ರಚಿಸಿದ ಎಂದಲ್ಲ. ನಮ್ಮ ಓಲೆಗರಿಗಳ ಪುಷ್ಪಿಕೆ ಕಂಡವರು ಇದನ್ನು ಎರಡನೇ ಸಲ ಕೇಳುವುದಿಲ್ಲ.